ಹಸುವಿನ ತೇಗಿಗೆ ಲೆಕ್ಕ ಕೇಳುವವರು ಯಾರು?

ಹವಾಮಾನ ಬದಲಾವಣೆ: ಶ್ರೀಮಂತ ದೇಶಗಳ ಹೊಣೆ ಎಷ್ಟು, ನಮ್ಮ ಕೊಟ್ಟಿಗೆಯ ಪಾಲು ಎಷ್ಟು?



ಹಾಲು ಕರೆದು ಡೇರಿಗೆ ಹಾಕಿ ಬರುವಷ್ಟರಲ್ಲಿ ಹಸು ಮೇವು ಮುಗಿಸಿ ಮಲಗಿ ಮೆಲುಕು ಹಾಕುತ್ತಿರುತ್ತದೆ. ನಡುನಡುವೆ ತೇಗುತ್ತದೆ. ಆ ತೇಗಿನಲ್ಲಿ ಮೀಥೇನ್ ಎಂಬ ಅನಿಲವಿದೆ. ಭೂಮಿಯ ಬಿಸಿ ಏರುವುದಕ್ಕೆ ಅದೂ ಒಂದು ಕಾರಣ ಎಂದು ವಿಜ್ಞಾನಿಗಳು ಹೇಳುತ್ತಾರೆ. ದೊಡ್ಡ ದೇಶಗಳ ಸಭೆಗಳಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಈ ತೇಗಿನ ಬಗ್ಗೆ ವಾದ ನಡೆದಿದೆ. ಟಿ.ವಿ.ಯಲ್ಲಿ, ಮೊಬೈಲ್‌ನಲ್ಲಿ "ಹಸುವಿನಿಂದಲೇ ಭೂಮಿ ಬಿಸಿಯಾಗುತ್ತಿದೆ" ಎಂಬ ಮಾತನ್ನು ನಮ್ಮ ಮಕ್ಕಳೂ ಕೇಳಿಸಿಕೊಳ್ಳುತ್ತಿದ್ದಾರೆ.

ಎರಡು ಹಸು ಕಟ್ಟಿಕೊಂಡು ಸಂಸಾರ ನಡೆಸುವ ಹೆಣ್ಣುಮಗಳಿಗೆ ಇದರಲ್ಲಿ ಎಷ್ಟು ಹೊಣೆ? ಖರ್ಚು ಭರಿಸಬೇಕಾದವರು ಯಾರು? ನಮಗೆ ಬರಬೇಕಾದ ಪಾಲು ಏನು? ಈ ಪ್ರಶ್ನೆಗಳಿಗೆ ಉತ್ತರ ನಮಗೂ ಗೊತ್ತಿರಬೇಕು.

ನಮ್ಮ ತಾಲ್ಲೂಕುಗಳಲ್ಲಿ ಕಂಡದ್ದು

ಬರ, ನೆರೆ ಎರಡನ್ನೂ ನಾವು ಕೆಲವೇ ವರ್ಷಗಳ ಅಂತರದಲ್ಲಿ ಕಂಡಿದ್ದೇವೆ. 2018, 2019 ಮತ್ತು 2024ರಲ್ಲಿ ಕಾವೇರಿ ಉಕ್ಕಿ ಕೊಳ್ಳೇಗಾಲ ತಾಲ್ಲೂಕಿನ ದಾಸನಪುರ, ಮುಳ್ಳೂರು, ಹಳೇ ಹಂಪಾಪುರದಂಥ ನದಿ ದಡದ ಊರುಗಳಿಗೆ ನೀರು ನುಗ್ಗಿತು. 2022ರ ಮಳೆಗಾಲದಲ್ಲಿ ಸುವರ್ಣಾವತಿ ತುಂಬಿ ಹರಿದು ಯಳಂದೂರು ತಾಲ್ಲೂಕಿನ ಗದ್ದೆಗಳು ಮುಳುಗಿದವು. ಮರುವರ್ಷ, 2023ರಲ್ಲಿ, ಮುಂಗಾರು ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಸರ್ಕಾರ ಬರಪೀಡಿತವೆಂದು ಘೋಷಿಸಿತು. ಹನೂರಿನ ರಾಮಾಪುರ, ಲೊಕ್ಕನಹಳ್ಳಿ ಕಡೆಯಂತೆ ಮಳೆಯನ್ನೇ ನಂಬಿದ ಊರುಗಳಲ್ಲಿ ರಾಗಿ ಹೋದರೆ ರಾಗಿ ಹುಲ್ಲೂ ಹೋಗುತ್ತದೆ. ಮನೆಯವರ ಊಟ, ದನದ ಮೇವು ಎರಡಕ್ಕೂ ಒಟ್ಟಿಗೇ ಕುತ್ತು.

ಒಂದು ವರ್ಷದ ಬರವನ್ನೋ ಒಂದು ನೆರೆಯನ್ನೋ ತೋರಿಸಿ "ಇದು ಹವಾಮಾನ ಬದಲಾವಣೆಯಿಂದಲೇ ಆಯಿತು" ಎಂದು ಹೇಳಲು ಬರುವುದಿಲ್ಲ. ನೆರೆಗೆ ಅಣೆಕಟ್ಟೆಗಳಿಂದ ಬಿಡುವ ನೀರೂ ಕಾರಣವಾಗುತ್ತದೆ. ಬರ ಹಿಂದೆಯೂ ಇತ್ತು. ಆದರೆ ಭೂಮಿ ಬಿಸಿಯಾದಂತೆ ಸುರಿಯುವ ಮಳೆ ಇನ್ನಷ್ಟು ಜೋರಾಗಿ ಸುರಿಯುತ್ತದೆ, ಒಣ ದಿನಗಳು ಇನ್ನಷ್ಟು ಒಣಗುತ್ತವೆ. ಈ ವಿಷಯದಲ್ಲಿ ವಿಜ್ಞಾನಿಗಳಿಗೆ ಅನುಮಾನವಿಲ್ಲ.

ಬಿಸಿಲಿನ ಪೆಟ್ಟು ನೇರವಾಗಿ ಹಾಲಿನ ಮೇಲೆ ಬೀಳುತ್ತದೆ. ಎಚ್‌ಎಫ್ ತಂಪು ದೇಶದ ತಳಿ. ಬಿಸಿಲು ಏರಿದರೆ ಎಚ್‌ಎಫ್ ಮಿಶ್ರತಳಿ ಹಸು ಮೇವು ಬಿಡುತ್ತದೆ, ಏದುಸಿರು ಬಿಡುತ್ತದೆ, ಹಾಲು ಇಳಿಸುತ್ತದೆ. ಬೆದೆ ಸರಿಯಾಗಿ ಕಾಣದೆ ಗಬ್ಬ ಕಟ್ಟುವುದೂ ತಡವಾಗುತ್ತದೆ. ಬಟವಾಡೆ ದಿನ ಕೈಗೆ ಬರುವ ದುಡ್ಡು ಕಡಿಮೆಯಾದಾಗ ಅದಕ್ಕೆ "ಹವಾಮಾನ ಬದಲಾವಣೆ" ಎಂಬ ಹೆಸರನ್ನು ನಾವು ಇಡುವುದಿಲ್ಲ. ನಷ್ಟ ಮಾತ್ರ ನಮ್ಮದೇ.

ಹಸು ಲೆಕ್ಕಕ್ಕೆ ಬಂದದ್ದು ಹೇಗೆ

ಭೂಮಿಯನ್ನು ಬಿಸಿ ಮಾಡುವ ಅನಿಲಗಳಲ್ಲಿ ಎರಡು ಮುಖ್ಯ. ಒಂದು ಇಂಗಾಲದ ಡೈಆಕ್ಸೈಡ್. ಕಲ್ಲಿದ್ದಲು, ಪೆಟ್ರೋಲ್, ಡೀಸೆಲ್ ಉರಿಸಿದಾಗ ಬರುವ ಇದು ಗಾಳಿಯಲ್ಲಿ ನೂರಾರು ವರ್ಷ ಉಳಿಯುತ್ತದೆ. ಇನ್ನೊಂದು ಮೀಥೇನ್. ಜಾನುವಾರು, ಭತ್ತದ ಗದ್ದೆ, ಕೊಳೆಯುವ ಕಸ, ಕಲ್ಲಿದ್ದಲು ಗಣಿ, ತೈಲ ಬಾವಿಗಳಿಂದ ಬರುತ್ತದೆ. ನೂರು ವರ್ಷದ ಲೆಕ್ಕ ಹಿಡಿದರೆ ಒಂದು ಕಿಲೋ ಮೀಥೇನ್ ಸುಮಾರು 28 ಕಿಲೋ ಇಂಗಾಲದ ಡೈಆಕ್ಸೈಡ್‌ನಷ್ಟು ಬಿಸಿ ಮಾಡುತ್ತದೆ. ಆದರೆ ಸುಮಾರು ಹನ್ನೆರಡು ವರ್ಷಗಳಲ್ಲಿ ಅದು ಗಾಳಿಯಲ್ಲಿ ಕರಗಿಹೋಗುತ್ತದೆ.

ಹಸುವಿನ ದೊಡ್ಡ ಹೊಟ್ಟೆಯಲ್ಲಿ ಕಣ್ಣಿಗೆ ಕಾಣದ ಕೋಟ್ಯಂತರ ಸೂಕ್ಷ್ಮಜೀವಿಗಳಿವೆ. ಒಣಹುಲ್ಲನ್ನು ಕರಗಿಸಿ ಹಾಲಾಗುವಂತೆ ಮಾಡುವುದು ಅವುಗಳ ಕೆಲಸ. ಆ ಕೆಲಸದಲ್ಲಿ ಹುಟ್ಟುವ ಮೀಥೇನ್ ಬಹುಪಾಲು ಬಾಯಿಯಿಂದ, ತೇಗಾಗಿ ಹೊರಬರುತ್ತದೆ. ಮನುಷ್ಯನ ಚಟುವಟಿಕೆಗಳಿಂದ ಜಗತ್ತಿನಲ್ಲಿ ಬರುವ ಮೀಥೇನ್‌ನಲ್ಲಿ ಸುಮಾರು ಮೂರನೇ ಒಂದು ಭಾಗ ಜಾನುವಾರಿನದು. ಇದನ್ನು ಸುಳ್ಳೆನ್ನುವಂತಿಲ್ಲ.

ಜಗಳ ಶುರುವಾದದ್ದು ಈ ಲೆಕ್ಕವನ್ನು ಯಾರ ಹೆಸರಿಗೆ, ಹೇಗೆ ಬರೆಯಬೇಕು ಎಂಬಲ್ಲಿ. 1990ರಲ್ಲಿ ಅಮೆರಿಕದ ವಾಷಿಂಗ್ಟನ್ನಿನ ವರ್ಲ್ಡ್ ರಿಸೋರ್ಸಸ್ ಇನ್‌ಸ್ಟಿಟ್ಯೂಟ್ ಎಂಬ ಸಂಸ್ಥೆ ಒಂದು ವರದಿ ಹೊರತಂದಿತು. ಭೂಮಿ ಬಿಸಿಯಾಗಲು ಕಾರಣವಾದ ಮೊದಲ ಐದು ದೇಶಗಳ ಸಾಲಿನಲ್ಲಿ ಅದು ಭಾರತವನ್ನೂ ಕೂರಿಸಿತು. ನಮ್ಮ ದನಗಳ ಮತ್ತು ಭತ್ತದ ಗದ್ದೆಗಳ ಮೀಥೇನನ್ನೂ ಅದರಲ್ಲಿ ಎಣಿಸಿದ್ದರು.

ಇದಕ್ಕೆ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದ ಅನಿಲ್ ಅಗರ್ವಾಲ್ ಮತ್ತು ಸುನೀತಾ ನಾರಾಯಣ್ 1991ರಲ್ಲಿ ಒಂದು ಪುಟ್ಟ ಪುಸ್ತಕದ ಮೂಲಕ ಉತ್ತರ ಕೊಟ್ಟರು. ಹೊಟ್ಟೆಪಾಡಿಗಾಗಿ ದನ ಸಾಕುವ ಬಡ ರೈತನ ಮೀಥೇನನ್ನೂ, ಸುಖಕ್ಕಾಗಿ ದೊಡ್ಡ ಕಾರು ಓಡಿಸುವವನ ಹೊಗೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ ಎಂಬುದು ಅವರ ವಾದ. ಕಡಲು, ಕಾಡು ಹೀರಿಕೊಳ್ಳುವಷ್ಟು ಅನಿಲದಲ್ಲಿ ಭೂಮಿಯ ಮೇಲಿನ ಪ್ರತಿಯೊಬ್ಬರಿಗೂ ಸಮಪಾಲು ಇದೆ, ಆ ಪಾಲನ್ನು ಮೀರಿದವರೇ ಹೊಣೆ ಹೊರಬೇಕು ಎಂದರು. ಹೀಗೆ ತಲೆಗೆ ಇಷ್ಟೆಂದು ಹಂಚಿದರೆ ಭಾರತ ಆಗ ತನ್ನ ಪಾಲಿನ ಒಳಗೇ ಇತ್ತು.

ಗೋಮಾಳದ ಹೋಲಿಕೆ

ಇದನ್ನು ನಮ್ಮ ಊರಿನ ಮಾತಿನಲ್ಲಿ ಹೇಳೋಣ. ಊರಿಗೆಲ್ಲ ಸೇರಿದ ಒಂದು ಗೋಮಾಳ. ದೊಡ್ಡ ಮನೆಯವರು ನೂರೈವತ್ತು ವರ್ಷ ನೂರಾರು ದನ ಬಿಟ್ಟು ಮೇಯಿಸಿದರು. ಅದರಿಂದ ಮನೆ, ಗದ್ದೆ, ತೋಟ ಮಾಡಿಕೊಂಡರು. ಈಗ ಹುಲ್ಲು ಬುಡಕ್ಕೆ ಬಂದಿದೆ. ಪಂಚಾಯಿತಿ ಕರೆದು, "ಇನ್ನು ಮುಂದೆ ಎಲ್ಲರೂ ಮೇವು ಕಡಿಮೆ ಮಾಡಬೇಕು, ನೀನೂ ನಿನ್ನ ಒಂದು ಹಸುವನ್ನು ಹಿಡಿತದಲ್ಲಿಡು" ಎಂದು ವಿಧವೆ ಅಕ್ಕನಿಗೂ ಹೇಳುತ್ತಾರೆ. ಗೋಮಾಳ ಉಳಿಯಬೇಕು ಎಂಬುದನ್ನು ಆಕೆಯೂ ಒಪ್ಪುತ್ತಾಳೆ. ಆದರೆ ಮೊದಲು ಕಡಿಮೆ ಮಾಡಬೇಕಾದವರು ಯಾರು, ಬೀಜ ತಂದು ಮತ್ತೆ ಹುಲ್ಲು ಹಾಕಿಸುವ ಖರ್ಚು ಯಾರದು ಎಂದು ಆಕೆ ಕೇಳದೆ ಬಿಡುವಳೇ?

ಜಗತ್ತಿನ ಲೆಕ್ಕವೂ ಹೀಗೇ ಇದೆ. ಕಾರ್ಖಾನೆಗಳ ಕಾಲ ಶುರುವಾದಾಗಿನಿಂದ ಕಲ್ಲಿದ್ದಲು, ಎಣ್ಣೆ ಉರಿಸಿ ಗಾಳಿಗೆ ಬಿಟ್ಟ ಇಂಗಾಲದ ಡೈಆಕ್ಸೈಡ್‌ನಲ್ಲಿ ಸುಮಾರು ಕಾಲುಭಾಗ ಅಮೆರಿಕ ಒಂದರದ್ದೇ. ಬ್ರಿಟನ್ ಮತ್ತು ಯುರೋಪಿನ ಒಕ್ಕೂಟದ ದೇಶಗಳದ್ದನ್ನೂ ಸೇರಿಸಿದರೆ ಅರ್ಧಕ್ಕೆ ಹತ್ತಿರವಾಗುತ್ತದೆ. ಜಗತ್ತಿನ ಆರು ಜನರಲ್ಲಿ ಒಬ್ಬರಿಗಿಂತ ಹೆಚ್ಚು ಜನ ಭಾರತದಲ್ಲಿದ್ದಾರೆ. ಆದರೂ ಆ ಹಳೆಯ ಲೆಕ್ಕದಲ್ಲಿ ನಮ್ಮ ಪಾಲು ಶೇ. 4ನ್ನೂ ಮುಟ್ಟುವುದಿಲ್ಲ. ಇವತ್ತಿಗೂ ಅಮೆರಿಕದ ಒಬ್ಬ ವ್ಯಕ್ತಿಯ ಪಾಲಿಗೆ ವರ್ಷಕ್ಕೆ ಸುಮಾರು 14 ಟನ್ ಬಂದರೆ, ಭಾರತೀಯನ ಪಾಲಿಗೆ ಬರುವುದು ಸುಮಾರು 2 ಟನ್. ದೇಶದ ಒಟ್ಟು ಲೆಕ್ಕದಲ್ಲಿ ಮಾತ್ರ ಭಾರತ ಈಗ ಚೀನಾ, ಅಮೆರಿಕದ ನಂತರ ಮೂರನೇ ಸ್ಥಾನದಲ್ಲಿದೆ. ಹಾಗಾಗಿ ನಮ್ಮ ದೇಶಕ್ಕೂ ಹೊಣೆ ಇದೆ.

1992ರಲ್ಲಿ ಬ್ರೆಜಿಲ್‌ನ ರಿಯೊ ನಗರದಲ್ಲಿ ಎಲ್ಲ ದೇಶಗಳೂ ಸೇರಿ ಒಪ್ಪಿದ್ದೂ ಇದನ್ನೇ: ಹೊಣೆ ಎಲ್ಲರಿಗೂ ಇದೆ, ಆದರೆ ಎಲ್ಲರದೂ ಒಂದೇ ಅಳತೆಯದಲ್ಲ. 1997ರ ಕ್ಯೋಟೊ ಒಪ್ಪಂದ ಶ್ರೀಮಂತ ದೇಶಗಳು ಮಾತ್ರ ಕಡ್ಡಾಯವಾಗಿ ಕಡಿಮೆ ಮಾಡಬೇಕೆಂದಿತು. ಅಮೆರಿಕ ಅದನ್ನು ಅಂಗೀಕರಿಸಲೇ ಇಲ್ಲ. 2015ರ ಪ್ಯಾರಿಸ್ ಒಪ್ಪಂದದಲ್ಲಿ ಪ್ರತಿ ದೇಶವೂ ತನ್ನ ಗುರಿಯನ್ನು ತಾನೇ ಹೇಳಬೇಕೆಂದಾಯಿತು.

ಭಾರತ ಸಹಿ ಹಾಕದ ಕಾಗದ

2021ರ ನವೆಂಬರ್‌ನಲ್ಲಿ ಗ್ಲಾಸ್ಗೊ ನಗರದ ಸಮ್ಮೇಳನದಲ್ಲಿ ಅಮೆರಿಕ ಮತ್ತು ಯುರೋಪಿನ ಒಕ್ಕೂಟ ಸೇರಿ ಮೀಥೇನ್ ಪ್ರತಿಜ್ಞೆಯೊಂದನ್ನು ಮುಂದಿಟ್ಟವು. 2020ಕ್ಕೆ ಹೋಲಿಸಿದರೆ 2030ರೊಳಗೆ ಜಗತ್ತಿನ ಮೀಥೇನನ್ನು ಶೇ. 30ರಷ್ಟು ಇಳಿಸಬೇಕು ಎಂಬುದು ಅದರ ಗುರಿ. ನೂರಕ್ಕೂ ಹೆಚ್ಚು ದೇಶಗಳು ಸೇರಿದವು. ಭಾರತ ಸೇರಲಿಲ್ಲ.

ಕಾರಣವನ್ನು ಕೇಂದ್ರ ಸರ್ಕಾರ ಸಂಸತ್ತಿಗೆ ತಿಳಿಸಿತು. ಭಾರತದಲ್ಲಿ ಮೀಥೇನ್ ಬರುವ ಎರಡು ದೊಡ್ಡ ಮೂಲಗಳು ಜಾನುವಾರು ಮತ್ತು ಭತ್ತ. ಎರಡೂ ಸಣ್ಣ ರೈತರ ಜೀವನಾಧಾರ. ಅದು ಬದುಕಿಗಾಗಿ ಬರುವ ಅನಿಲ, ಭೋಗಕ್ಕಾಗಿ ಬರುವುದಲ್ಲ. ಮೇಲಾಗಿ, ನೂರಾರು ವರ್ಷ ಉಳಿಯುವ ಇಂಗಾಲದ ಡೈಆಕ್ಸೈಡ್‌ನ ಹೊರೆಯನ್ನು ಬೇಗ ಕರಗುವ ಮೀಥೇನ್ ಮೇಲೆ ಹೊರಿಸಿದಂತಾಗುತ್ತದೆ ಎಂಬುದು ಸರ್ಕಾರದ ನಿಲುವು. ಮೂವತ್ತು ವರ್ಷದ ಹಿಂದಿನ ಆ ಪುಟ್ಟ ಪುಸ್ತಕದ ವಾದವೇ ದೇಶದ ಮಾತಾಗಿ ಮತ್ತೆ ಕೇಳಿಬಂತು.

ಬೇರೆ ದೇಶಗಳಲ್ಲಿ ಏನಾಯಿತು? ನ್ಯೂಜಿಲೆಂಡ್‌ನಲ್ಲಿ ಒಂದು ಡೇರಿ ಫಾರಂನಲ್ಲಿ ಸರಾಸರಿ 400ಕ್ಕೂ ಹೆಚ್ಚು ಹಸುಗಳಿರುತ್ತವೆ. ಆ ದೇಶದ ಒಟ್ಟು ಅನಿಲದಲ್ಲಿ ಸುಮಾರು ಅರ್ಧ ಕೃಷಿಯದ್ದೇ. ಅಲ್ಲಿನ ಸರ್ಕಾರ 2022ರಲ್ಲಿ ದನದ ತೇಗಿಗೆ ಶುಲ್ಕ ಹಾಕುವ ಪ್ರಸ್ತಾವ ತಂದಾಗ ರೈತರು ಟ್ರ್ಯಾಕ್ಟರ್ ಹಿಡಿದು ಬೀದಿಗೆ ಬಂದರು. 2024ರಲ್ಲಿ ಹೊಸ ಸರ್ಕಾರ ಅದನ್ನು ಕೈಬಿಟ್ಟಿತು. ಡೆನ್ಮಾರ್ಕ್ ಮಾತ್ರ 2030ರಿಂದ ಜಾನುವಾರು ಅನಿಲಕ್ಕೆ ತೆರಿಗೆ ಹಾಕಲು 2024ರಲ್ಲಿ ತೀರ್ಮಾನಿಸಿದೆ.

ನಮ್ಮ ದೇಶದಲ್ಲಿ ಹಸುವಿನ ಮೇಲೆ ಇಂಥ ತೆರಿಗೆ ಇಲ್ಲ. ಯಾರಾದರೂ ಹಾಗೆ ಹೇಳಿ ಹೆದರಿಸಿದರೆ ನಂಬಬೇಡಿ.

ಕೊಟ್ಟ ಮಾತು, ಬಂದ ಹಣ

2009ರಲ್ಲಿ ಕೋಪನ್‌ಹೇಗನ್‌ನಲ್ಲಿ ಶ್ರೀಮಂತ ದೇಶಗಳು ಒಂದು ಮಾತು ಕೊಟ್ಟವು. 2020ರ ಹೊತ್ತಿಗೆ ವರ್ಷಕ್ಕೆ 10,000 ಕೋಟಿ ಡಾಲರ್ ಒದಗಿಸುತ್ತೇವೆ, ಬಡ ದೇಶಗಳು ಅನಿಲ ಕಡಿಮೆ ಮಾಡಲು ಮತ್ತು ಬಿಸಿಲು, ಬರ, ನೆರೆ ತಡೆದುಕೊಳ್ಳಲು ಅದನ್ನು ಬಳಸಲಿ ಎಂದವು. ಆ ಮೊತ್ತ ಮೊದಲ ಬಾರಿಗೆ ಮುಟ್ಟಿದ್ದು 2022ರಲ್ಲಿ ಎಂದು ಶ್ರೀಮಂತ ದೇಶಗಳ ಕೂಟವಾದ ಒಇಸಿಡಿಯೇ ಹೇಳಿದೆ. ಅದರಲ್ಲೂ ಸರ್ಕಾರಗಳ ಕಡೆಯಿಂದ ಬಂದ ಹಣದ ಬಹುಪಾಲು ಸಾಲ. ಸ್ತ್ರೀಶಕ್ತಿ ಸಂಘದಲ್ಲಿ ಲೆಕ್ಕ ಬರೆಯುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಬೆಳೆ ಹಾಳು ಮಾಡಿದವನು ಪರಿಹಾರ ಎಂದು ಸಾಲ ಕೊಟ್ಟರೆ ಅದನ್ನು ಪರಿಹಾರದ ಪುಟದಲ್ಲಿ ಬರೆಯುತ್ತೇವೆಯೇ?

2024ರಲ್ಲಿ ಬಾಕು ನಗರದ ಸಮ್ಮೇಳನದಲ್ಲಿ ಹೊಸ ಗುರಿ ಬಂತು: 2035ರ ಹೊತ್ತಿಗೆ ವರ್ಷಕ್ಕೆ 30,000 ಕೋಟಿ ಡಾಲರ್. ಬಡ ದೇಶಗಳು ಕೇಳಿದ್ದು 1.3 ಲಕ್ಷ ಕೋಟಿ ಡಾಲರ್. ಇದು ತೀರಾ ಸಾಲದು ಎಂದು ಭಾರತದ ಪ್ರತಿನಿಧಿ ಅಲ್ಲೇ ಆಕ್ಷೇಪ ಎತ್ತಿದರು. ಈಗಾಗಲೇ ಆದ ಹಾನಿಗೆ ನೆರವಾಗುವ "ನಷ್ಟ ಮತ್ತು ಹಾನಿ ನಿಧಿ"ಗೆ 2022ರಲ್ಲಿ ಈಜಿಪ್ಟ್‌ನಲ್ಲಿ ಒಪ್ಪಿಗೆ ಸಿಕ್ಕಿತು. 2023ರಲ್ಲಿ ದುಬೈನಲ್ಲಿ ಅದು ಶುರುವಾದಾಗ ಎಲ್ಲ ದೇಶಗಳೂ ಸೇರಿ ಕೊಡುತ್ತೇವೆ ಎಂದದ್ದು ಸುಮಾರು 70 ಕೋಟಿ ಡಾಲರ್ ಮಾತ್ರ.

ಬಾಗೇಪಲ್ಲಿಯ ಒಲೆಗಳು

ಅಂಥ ಹಣ ಕರ್ನಾಟಕದ ಹಳ್ಳಿಯ ಅಡುಗೆಮನೆಯವರೆಗೆ ಬಂದ ಒಂದು ಉದಾಹರಣೆ ಇದೆ.

ಬಾಗೇಪಲ್ಲಿ ಕೂಲಿ ಸಂಘ ಸಣ್ಣ ರೈತರು ಮತ್ತು ಕೂಲಿಕಾರರ ಸಂಘಟನೆ. ಕ್ಯೋಟೊ ಒಪ್ಪಂದದಲ್ಲಿ ಒಂದು ಏರ್ಪಾಡು ಇತ್ತು. ಬಡ ದೇಶದಲ್ಲಿ ಅನಿಲ ಕಡಿಮೆ ಮಾಡುವ ಕೆಲಸ ಮಾಡಿದರೆ, ಉಳಿದ ಪ್ರತಿ ಟನ್ನಿಗೆ ಒಂದು ಪ್ರಮಾಣಪತ್ರ ಸಿಗುತ್ತಿತ್ತು. ಶ್ರೀಮಂತ ದೇಶದವರು ಅದನ್ನು ಕೊಂಡು ತಮ್ಮ ಲೆಕ್ಕಕ್ಕೆ ಹಾಕಿಕೊಳ್ಳಬಹುದಿತ್ತು. ಇದನ್ನೇ ಕಾರ್ಬನ್ ಕ್ರೆಡಿಟ್ ಎನ್ನುವುದು. ಆಗಿನ ಕೋಲಾರ ಜಿಲ್ಲೆಯ ಐದು ತಾಲ್ಲೂಕುಗಳಲ್ಲಿ 5,500 ಮನೆಗಳಿಗೆ ಗೋಬರ್ ಗ್ಯಾಸ್ ಘಟಕ ಕಟ್ಟುವ ಕೂಲಿ ಸಂಘದ ಯೋಜನೆ 2005ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಈ ಏರ್ಪಾಡಿನಲ್ಲಿ ನೋಂದಣಿಯಾಯಿತು. ಎರಡು ಘನ ಮೀಟರ್‌ನ ಸಣ್ಣ ಘಟಕಗಳು. ಸೌದೆ, ಸೀಮೆಎಣ್ಣೆ ಬದಲು ಸಗಣಿಯ ಗ್ಯಾಸ್ ಬಳಸುವುದರಿಂದ ಒಂದು ಮನೆ ವರ್ಷಕ್ಕೆ ಸುಮಾರು ಮೂರೂವರೆ ಟನ್ ಉಳಿಸುತ್ತದೆ ಎಂದು ಲೆಕ್ಕ ಹಾಕಿದ್ದರು. ಮುಂದೆ ಬರುವ ಪ್ರಮಾಣಪತ್ರಗಳನ್ನು ಮುಂಗಡವಾಗಿ ಮಾರಿದ ಹಣದಿಂದ ಘಟಕಗಳನ್ನು ಕಟ್ಟಿದರು.

ಹೆಣ್ಣುಮಕ್ಕಳಿಗೆ ಇದರಿಂದ ಆದ ಅನುಕೂಲ ಎಂಥದು ಎಂಬುದು ಸೌದೆ ಹೊತ್ತು ಗೊತ್ತಿದ್ದವರಿಗೆಲ್ಲ ತಿಳಿಯುತ್ತದೆ. ಹೊಗೆ ಇಲ್ಲ, ಕಣ್ಣುರಿ ಇಲ್ಲ, ಬಗ್ಗಡ ಹೊಲಕ್ಕೆ ಒಳ್ಳೆಯ ಗೊಬ್ಬರ.

ಆದರೆ ಆ ಏರ್ಪಾಡಿನಲ್ಲಿ ಎರಡು ಹುಳುಕು ಇದ್ದವು. ಮೊದಲನೆಯದು, ಬಾಗೇಪಲ್ಲಿಯ ಮನೆಯಲ್ಲಿ ಉಳಿಸಿದ ಹೊಗೆಯನ್ನು ಯುರೋಪಿನ ಕಾರ್ಖಾನೆ ಬಿಡಲು ಅವಕಾಶವಾಯಿತು. ಒಟ್ಟು ಲೆಕ್ಕದಲ್ಲಿ ಶ್ರೀಮಂತರ ಹೊರೆ ಇಳಿಯಿತೇ ಎಂಬ ಪ್ರಶ್ನೆ ಉಳಿಯಿತು. ಎರಡನೆಯದು ಬೆಲೆ. 2008ರ ಸುಮಾರಿಗೆ ಯುರೋಪಿನ ಮಾರುಕಟ್ಟೆಯಲ್ಲಿ ಹತ್ತು ಯೂರೋಗೂ ಮೇಲಿದ್ದ ಒಂದು ಪ್ರಮಾಣಪತ್ರದ ಬೆಲೆ 2012ರ ಹೊತ್ತಿಗೆ ಒಂದು ಯೂರೋಗಿಂತ ಕೆಳಗೆ ಕುಸಿಯಿತು. ಹಾಲಿಗಾದರೆ ಬೆಲೆ ಇಳಿದಾಗ ಕೇಳಲು ಸಂಘವಿದೆ, ಒಕ್ಕೂಟವಿದೆ. ಅಲ್ಲಿ ಕೊಳ್ಳುವವನು ಹೇಳಿದ್ದೇ ಬೆಲೆ.

ಗುಜರಾತಿನ ಆನಂದ್ ಜಿಲ್ಲೆಯ ಜಕರಿಯಾಪುರದಲ್ಲಿ ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ, ಅಂದರೆ ಎನ್‌ಡಿಡಿಬಿ, ಬೇರೊಂದು ದಾರಿ ಹಿಡಿದಿದೆ. ಹಾಲು ಹಾಕುವ ಮಹಿಳೆಯರೇ ಗೊಬ್ಬರದ ಸಹಕಾರ ಸಂಘ ಮಾಡಿಕೊಂಡಿದ್ದಾರೆ. ಹಿತ್ತಲಿನ ಘಟಕದ ಗ್ಯಾಸ್ ಮನೆಗೆ, ಮಿಕ್ಕ ಬಗ್ಗಡ ಮಾರಾಟಕ್ಕೆ. ಸಂಘವೊಂದು ಜೊತೆಗಿದ್ದರೆ ಲೆಕ್ಕ ನಮ್ಮ ಕಣ್ಣ ಮುಂದೆಯೇ ನಡೆಯುತ್ತದೆ.

ನಮ್ಮ ಕೈಯಲ್ಲಿರುವುದು

ಇನ್ನೊಂದು ಲೆಕ್ಕವನ್ನೂ ನೋಡಬೇಕು. ವಿಶ್ವಸಂಸ್ಥೆಯ ಹವಾಮಾನ ವಿಜ್ಞಾನಿಗಳ ಸಮಿತಿಯಾದ ಐಪಿಸಿಸಿ 2006ರಲ್ಲಿ ಕೊಟ್ಟ ಅಂದಾಜಿನಂತೆ ಉತ್ತರ ಅಮೆರಿಕದ ಹಾಲಿನ ಹಸು ವರ್ಷಕ್ಕೆ 128 ಕಿಲೋ ಮೀಥೇನ್ ಬಿಡುತ್ತದೆ, ನಮ್ಮ ಕಡೆಯದು 58 ಕಿಲೋ. ತಲೆಗೆ ಲೆಕ್ಕ ಹಾಕಿದರೆ ನಮ್ಮದು ಅರ್ಧಕ್ಕಿಂತ ಕಡಿಮೆ. ಆದರೆ ಅದೇ ಅಂದಾಜಿನಲ್ಲಿ ಅಲ್ಲಿನ ಹಸು ವರ್ಷಕ್ಕೆ 8,400 ಕಿಲೋ ಹಾಲು ಕೊಟ್ಟರೆ ನಮ್ಮದು ಸರಾಸರಿ 900 ಕಿಲೋ. ಲೀಟರ್ ಲೆಕ್ಕದಲ್ಲಿ ನಮ್ಮದೇ ನಾಲ್ಕು ಪಟ್ಟು ಹೆಚ್ಚು. ನಮ್ಮ ದನ ಉಳುಮೆ ಮಾಡುತ್ತದೆ, ಗೊಬ್ಬರ ಕೊಡುತ್ತದೆ, ಮನುಷ್ಯ ತಿನ್ನದ ಹುಲ್ಲು, ಬೂಸಾ ತಿಂದು ಬದುಕುತ್ತದೆ. ಲೀಟರ್ ಲೆಕ್ಕದಲ್ಲಿ ಇದೆಲ್ಲ ಬರುವುದಿಲ್ಲ. ಹಾಗಿದ್ದರೂ ಮೀಥೇನ್ ಎಂದರೆ ಹಾಲಾಗದೆ ಗಾಳಿಗೆ ಹೋದ ಮೇವು. ಅದು ನಮ್ಮದೇ ದುಡ್ಡು.

ಹಸುವಿನ ತೂಕ, ಹಾಲು ನೋಡಿ ಒಣಮೇವು, ಹಸಿಮೇವು, ಹಿಂಡಿ, ಖನಿಜ ಮಿಶ್ರಣವನ್ನು ಸರಿಯಾದ ಪ್ರಮಾಣದಲ್ಲಿ ಕೊಟ್ಟರೆ ಲೀಟರ್ ಹಾಲಿಗೆ ಬರುವ ಮೀಥೇನ್ ಸುಮಾರು ಶೇ. 12ರಿಂದ 15ರಷ್ಟು ಕಡಿಮೆಯಾಗುತ್ತದೆ ಎಂದು ಎನ್‌ಡಿಡಿಬಿ ಕಂಡುಕೊಂಡಿದೆ. ಮೇವಿನ ಖರ್ಚೂ ಇಳಿಯುತ್ತದೆ. ಒಣಹುಲ್ಲನ್ನು ಕತ್ತರಿಸಿ ಹಾಕುವುದು, ಹಸಿಮೇವಿನ ಜೊತೆ ದ್ವಿದಳ ಮೇವು ಸೇರಿಸುವುದು, ಗಬ್ಬ ಕಟ್ಟದ ಹಸುವಿಗೆ ತಡಮಾಡದೆ ಚಿಕಿತ್ಸೆ ಕೊಡಿಸುವುದು, ಇವೆಲ್ಲ ಇದೇ ದಾರಿಯ ಕೆಲಸಗಳು. ಬೇಸಿಗೆಯಲ್ಲಿ ಕೊಟ್ಟಿಗೆಗೆ ಗಾಳಿ, ನೆರಳು, ದಿನವಿಡೀ ತಣ್ಣನೆ ನೀರು, ಬೆಳಗಿನ ಜಾವ ಮತ್ತು ರಾತ್ರಿ ಹೆಚ್ಚು ಮೇವು ಕೊಟ್ಟರೆ ಹಾಲು ಅಷ್ಟಾಗಿ ಇಳಿಯದು. ಇದನ್ನು ಮಾಡುವುದು ನಮ್ಮ ಹಸುವಿಗಾಗಿ, ನಮ್ಮ ಹಾಲಿಗಾಗಿ. ಯಾರದೋ ಪಾಪ ತೊಳೆಯಲು ಅಲ್ಲ.

ದೇಶದೇಶಗಳ ನಡುವೆ ಕೇಳುವ ನ್ಯಾಯವನ್ನು ನಮ್ಮೊಳಗೂ ಕೇಳಬೇಕು. ಬೆಂಗಳೂರಿನ ದೊಡ್ಡ ಮನೆಯ ವಿದ್ಯುತ್ತು, ಕಾರು, ವಿಮಾನ ಯಾನಕ್ಕೂ, ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡಿನ ಮನೆಗೂ "ಸರಾಸರಿ ಭಾರತೀಯ" ಎಂಬ ಒಂದೇ ಹೆಸರು ಹೊಂದುವುದಿಲ್ಲ. ಬಡವರ ಹೆಸರಿನಲ್ಲಿ ಕೇಳಿದ ನೆರವು ಬಡವರಿಗೇ ಮುಟ್ಟಬೇಕು. ಮನೆಯೊಳಗೂ ಹಾಗೆಯೇ. ಸಗಣಿ ಬಾಚುವುದು, ನೀರು ಹೊರುವುದು, ಮೇವು ತರುವುದು ಹೆಂಗಸರ ಕೆಲಸವಾದರೆ, ಸಗಣಿಯಿಂದ ಬಂದ ಹಣವೂ ಅವರ ಖಾತೆಗೇ ಬರಬೇಕು.

ಸಹಿ ಹಾಕುವ ಮುನ್ನ ಕೇಳಿ

2023ರಲ್ಲಿ ಕೇಂದ್ರ ಸರ್ಕಾರ ದೇಶದೊಳಗೇ ಕಾರ್ಬನ್ ಕ್ರೆಡಿಟ್ ವ್ಯಾಪಾರದ ಯೋಜನೆಗೆ ಅಧಿಸೂಚನೆ ಹೊರಡಿಸಿದೆ. ಮುಂದೆ ಗೋಬರ್ ಗ್ಯಾಸ್, ಮರ, ಮೇವಿನ ಹೆಸರಿನಲ್ಲಿ ಯಾರಾದರೂ ಫಾರಂ ಹಿಡಿದು ಮನೆ ಬಾಗಿಲಿಗೆ ಬಂದರೆ ಈ ಪ್ರಶ್ನೆಗಳನ್ನು ಕೇಳಿ:

1. ಕ್ರೆಡಿಟ್ ಯಾರ ಹೆಸರಿನಲ್ಲಿರುತ್ತದೆ? ಹಸು ಸಾಕುವ ಹೆಣ್ಣುಮಗಳ ಹೆಸರಿನಲ್ಲಿಯೇ?
2. ಮಾರಿದ ಹಣದಲ್ಲಿ ನಮ್ಮ ಪಾಲು ಎಷ್ಟು, ಯಾವಾಗ, ಯಾವ ಖಾತೆಗೆ?
3. ಒಪ್ಪಂದ ಎಷ್ಟು ವರ್ಷಕ್ಕೆ? ನಡುವೆ ಹಸು ಮಾರಿದರೆ, ಹಸು ಸತ್ತರೆ ನಮ್ಮ ಮೇಲೆ ದಂಡ ಬೀಳುತ್ತದೆಯೇ?
4. ಬೆಲೆ ಕುಸಿದರೆ ನಷ್ಟ ಯಾರಿಗೆ?
5. ಘಟಕ ಕೆಟ್ಟರೆ ರಿಪೇರಿ ಮಾಡಿಸುವವರು ಯಾರು?
6. ಕಾಗದ ಕನ್ನಡದಲ್ಲಿದೆಯೇ? ಒಂದು ಪ್ರತಿ ನಮಗೆ ಕೊಡುತ್ತಾರೆಯೇ?

ಆಧಾರ್, ಬ್ಯಾಂಕ್ ಪಾಸ್‌ಬುಕ್ ನಕಲನ್ನು ಕೂಡಲೇ ಕೊಡಬೇಡಿ. ಕಾಗದವನ್ನು ನಿಮ್ಮ ಸಂಘದ ಕಾರ್ಯದರ್ಶಿಗೆ ತೋರಿಸಿ, ಸಂಘದ ಸಭೆಯಲ್ಲಿ ಎಲ್ಲರ ಮುಂದೆ ಓದಿಸಿ. ಒಬ್ಬಳೇ ಕೇಳಿದರೆ ಉತ್ತರ ಸಿಗದ ಪ್ರಶ್ನೆಗೂ ಸಂಘ ಕೇಳಿದರೆ ಉತ್ತರ ಸಿಗುತ್ತದೆ. ಹಾಲಿನ ಬೆಲೆಯ ವಿಷಯದಲ್ಲಿ ನಾವು ಕಲಿತದ್ದೂ ಇದನ್ನೇ.